ಚೌಕಟ್ಟಿನ ಹೊರಗಿನ ದನಿ

"ನಿನ್ನ ಹೇಣ್ತಿ ನಿನ್ನ ಹೆಸರ ಹಿಡದು ಕರೀತಾಳೇನೋ ಯಪ್ಪಾ?"

ಹುಚ್ಚವ್ವ ಕೇಳಿದಳು. ಕೇಳಿ, ಕೈಯಲ್ಲಿದ್ದ ಒಣದ್ರಾಕ್ಷಿಯ ತೊಟ್ಟು ಕಿತ್ತು ಪಕ್ಕಕ್ಕೆ ಎಸೆದಳು. ಟಿಕೋಟಾದ ಅಂಚಿನ ಆ ತಗಡಿನ ಶೆಡ್ಡಿನಲ್ಲಿ ಕೂತಿದ್ದ ಏಳು ಜನ ಹೆಂಗಸರೂ ಕೈ ನಿಲ್ಲಿಸಿ ನನ್ನ ಬಾಯಿ ನೋಡಿದರು.

ನಾನು ಸಿದ್ದಲಿಂಗೇಶ. ನಿವೃತ್ತ ಎಎಸ್‌ಐ, ಈಗ ವಿಜಯಪುರದ ಗಾಂಧಿ ಚೌಕದ ಹಿಂದಿನ ಒಂದು ಖೋಲಿಯಲ್ಲಿ ಖಾಸಗಿ ಪತ್ತೇದಾರ. ಇಪ್ಪತ್ತೆಂಟು ವರ್ಷ ಮಂದಿಗೆ ಪ್ರಶ್ನೆ ಕೇಳಿ ಬೆವರಿಳಿಸಿದವನು. ಆ ಮಧ್ಯಾಹ್ನ ಬೆವರು ನನ್ನ ಕಾಲರಿನೊಳಗೇ ಇಳಿಯುತ್ತಿತ್ತು.

"ಇಲ್ಲ ಬೇ," ಅಂದೆ. "ಹೆಸರ ಹಿಡದು ಕರಿಯೂದಿಲ್ಲ."

"ಮತ್ತ ಆಕಿನೂ ನಕಲಿ ಏನು?"

ಹೆಂಗಸರು ಸೆರಗಿನೊಳಗೆ ನಕ್ಕರು. ನಾನು ನಗಲಿಲ್ಲ. ನಗುವಂಥದ್ದನ್ನು ನಾನೇ ಮಾಡಿಟ್ಟಿದ್ದೆ.

ಹೋದ ವಾರ ನಾನು ಮಾಡಿದ ಘನಕಾರ್ಯ ಇಷ್ಟು. ಬೆಳಕಿಂಡಿ ದೂರಶಿಕ್ಷಣ ಕೇಂದ್ರದ ಬಿ.ಎ. ಎರಡನೇ ವರ್ಷದ ಮೌಖಿಕ ಪರೀಕ್ಷೆ ವಿಡಿಯೋ ಕಾಲಿನಲ್ಲಿ ನಡೆದಿತ್ತು. ಯಾರೋ ಬೇರೆಯವರು ಕೂತು ಉತ್ತರ ಹೇಳುತ್ತಿದ್ದಾರೆ ಎಂದು ದೂರು ಬಂದಿತ್ತು. ಕೇಂದ್ರದ ಮುಖ್ಯಸ್ಥ ಗುರುಪಾದಯ್ಯ ನನಗೆ ಕೇಸು ಒಪ್ಪಿಸಿದರು. ನಾನು ವಿಡಿಯೋಗಳನ್ನು ಒಂದೊಂದಾಗಿ ನೋಡಿ ನಿರ್ಮಲಾಳನ್ನು ಹಿಡಿದೆ.

ಹುಚ್ಚವ್ವನ ಸೊಸೆ ನಿರ್ಮಲಾ. ಹನ್ನೆರಡು ನಿಮಿಷದ ಪರೀಕ್ಷೆಯಲ್ಲಿ ಎಲ್ಲದಕ್ಕೂ ಪಟಪಟ ಉತ್ತರ ಕೊಟ್ಟವಳು, ಕೊನೆಯಲ್ಲಿ ಗುರುತು ಖಾತ್ರಿ ಮಾಡಿಕೊಳ್ಳಲು "ಗಂಡನ ಹೆಸರು?" ಎಂದು ಕೇಳಿದಾಗ ಗಪ್ಪಾದಳು. ಒಂಬತ್ತು ಸೆಕೆಂಡ್. ಕಣ್ಣು ಎಡಕ್ಕೆ ಹೋಯಿತು. ಪರದೆಯ ಚೌಕಟ್ಟಿನ ಹೊರಗಿನಿಂದ ಇನ್ನೊಬ್ಬ ಹೆಂಗಸಿನ ದನಿ "ಅಮೋಘಿ" ಅಂದಿತು.

ನಾನು ಕುಣಿದಾಡಿಬಿಟ್ಟೆ. ವರದಿಯಲ್ಲಿ ಹೀಗೆ ಬರೆದೆ: "ಸ್ವಂತ ಗಂಡನ ಹೆಸರೇ ಗೊತ್ತಿಲ್ಲದ ಈಕೆ ನಿಜವಾದ ನಿರ್ಮಲಾ ಆಗಿರಲು ಸಾಧ್ಯವಿಲ್ಲ." ಬರೆದು ಎರಡು ಸಲ ಓದಿ ಖುಷಿಪಟ್ಟೆ. ಗುರುಪಾದಯ್ಯನವರು ಆ ಸಾಲನ್ನು ಫೋಟೋ ತೆಗೆದು ಇನ್ನೂರ ಹದಿನಾಲ್ಕು ಮಂದಿಯಿರುವ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ನಾನು ಯಾವ ದೇಶದಿಂದ ಬಂದವನು ಹೇಳಿ? ನಮ್ಮವ್ವ ಸಾಯುವವರೆಗೂ ನಮ್ಮಪ್ಪನ ಹೆಸರನ್ನು ಬಾಯಿಗೆ ತಂದವಳಲ್ಲ. ರೇಷನ್ ಅಂಗಡಿಯವನು "ಯಜಮಾನನ ಹೆಸರೇನವ್ವಾ" ಅಂದರೆ ಅವಳು ನನ್ನ ಭುಜ ತಿವಿಯುತ್ತಿದ್ದಳು, ಪಕ್ಕದಲ್ಲಿ ನಿಂತ ನಾನು ಹೇಳುತ್ತಿದ್ದೆ. ಅದೇ ನಾನು, ಮೊಬೈಲ್ ಹಿಡಿದು ಕೂತದ್ದೇ ತಡ, ಎಲ್ಲ ಮರೆತು ಒಬ್ಬ ಹೆಣ್ಣುಮಗಳ ಮಾನ ಹರಾಜು ಹಾಕಿದ್ದೆ.

ನೆನಪಾದದ್ದು ಅಂದು ಮಧ್ಯಾಹ್ನ ಒಂದರ ಹೊತ್ತಿಗೆ, ಬಬಲೇಶ್ವರದ ಟಂಟಂ ಆಟೋ ನಿಲ್ದಾಣದಲ್ಲಿ. ನಿರ್ಮಲಾಳ ಗಂಡ ಅಮೋಘಿ ಅಲ್ಲಿ ಟಂಟಂ ಓಡಿಸುತ್ತಾನೆ. ಬೆಳಕಿಂಡಿಯ ನಿಯಮದಂತೆ ಮದುವೆಯಾದ ಹೆಣ್ಣುಮಕ್ಕಳ ಅರ್ಜಿಗೆ ಗಂಡನ ಸಹಿ ಬೇಕು, ಗ್ರೂಪಿಗೂ ಗಂಡನ ನಂಬರೇ ಸೇರಬೇಕು. ಹೀಗಾಗಿ ನನ್ನ ಸಾಲು ಮೊದಲು ಬಿದ್ದದ್ದು ಅವನ ಫೋನಿಗೆ, ಗಾಡಿ ತುಂಬ ಮಂದಿ ಇದ್ದಾಗ.

"ಮೂರ ದಿನಾತ್ರಿ ಮನೀಗಿ ಹೋಗಿಲ್ಲ," ಅಂದಿದ್ದ ಅಮೋಘಿ, ಹ್ಯಾಂಡಲ್ ಒರೆಸುತ್ತ. "ಹತ್ತಿದವರೆಲ್ಲ ಕೇಳತಾರ, ಏನೋ, ನಿನ್ನ ಹೇಣ್ತಿಗಿ ನಿನ್ನ ಹೆಸರ ಗೊತ್ತಿಲ್ಲಂತ? ಗಂಡನ ಹೆಸರ ಹೇಳಬಾರದು ಅಂತ ನಮ್ಮವ್ವನ ಕಲಿಸ್ಯಾಳ್ರಿ ಆಕಿಗಿ. ನನಗ ಇಟ್ಟಿದ್ದು ದೇವರ ಹೆಸರ ಅಂತ, ಗುಡಿಗಿ ಹೋದರೂ ಆಕಿ 'ದೊಡ್ಡ ದೇವರು' ಅಂತಾಳ. ಇದನ್ನ ಮಂದಿಗಿ ಹೆಂಗ ತಿಳಿಸಿ ಹೇಳ್ಲಿ?"

ಅಲ್ಲಿಂದ ನೇರ ಟಿಕೋಟಾಕ್ಕೆ ಬಂದಿದ್ದೆ. ನಾಲ್ಕು ಗಂಟೆಗೆ ವಿಜಯಪುರದಲ್ಲಿ ಕೇಂದ್ರದ ಸಮಿತಿ ಕೂಡುವುದಿತ್ತು. ಅವರು ನಿರ್ಮಲಾಳ ನೋಂದಣಿ ರದ್ದು ಮಾಡಿದರೆ ಸೋಮವಾರದ ಪರೀಕ್ಷೆ ಇಲ್ಲ, ಮುಂದೆ ಮೂರು ವರ್ಷ ಅರ್ಜಿಯನ್ನೂ ಹಾಕುವಂತಿಲ್ಲ. ಈಗ ಮೂರು ದಾಟಿತ್ತು.

"ನಿರ್ಮಲಾ ಎಲ್ಲಿ?" ಅಂತ ಕೇಳಿದೆ.

"ಇಲ್ಲೇ ಅದೇನ್ರಿ," ಹಿಂದಿನಿಂದ ಅವಳ ದನಿ ಬಂತು.

ಶೆಡ್ಡಿನ ಒಳಮೂಲೆಯಲ್ಲಿ, ಪೇರಿಸಿಟ್ಟ ರಟ್ಟಿನ ಡಬ್ಬಿಗಳ ಮರೆಯಲ್ಲಿ ಅವಳು ಕೂತಿದ್ದಳು. ಇಪ್ಪತ್ತೆಂಟರ ಆಸುಪಾಸು. ಎಷ್ಟು ಸಲ ನೋಡಿದ್ದೆ ಆ ಮುಖವನ್ನು, ಅಂಗೈಯಷ್ಟು ಪರದೆಯಲ್ಲಿ! ಎದುರಿಗೆ ನೋಡಲಾಗಲಿಲ್ಲ. ಅವಳ ಮುಂದಿನ ಹರಡಿದ ದ್ರಾಕ್ಷಿಯನ್ನೇ ನೋಡುತ್ತ ಹೇಳಿದೆ, "ತಪ್ಪಾಗೇದ. ಕ್ಷಮಾ ಕೇಳಾಕ ಬಂದೇನಿ."

"ಇಲ್ಲಿ ಯಾಕ ಕೇಳತೀರಿ ಸರ್ರ? ಇಲ್ಲಿದ್ದವರಿಗಿ ನಾ ಯಾರು ಅಂತ ಗೊತ್ತೈತಿ. ಗ್ರೂಪಿನ್ಯಾಗ ಕೇಳ್ರಿ. ಇನ್ನೂರ ಹದಿನಾಕು ಮಂದಿ ಓದ್ಯಾರ."

"ಕೇಳತೇನಿ."

"ಕೇಳಾಕ ಆಗೂದಿಲ್ಲ. ಈಗ ಅದರಾಗ ಅಡ್ಮಿನ್ ಒಬ್ಬರ ಬರಿಯೂದು. ಬಾಕಿಯವರು ನಗೂದಷ್ಟ."

ಮೊಬೈಲ್ ತೆಗೆದು ಅವಳ ಎದುರಿಗೇ ಗುರುಪಾದಯ್ಯನವರಿಗೆ ಫೋನ್ ಹಚ್ಚಿದೆ. ವರದಿ ವಾಪಸ್ ತಗೊಳ್ಳುತ್ತೇನೆ, ಹೆಸರು ಹೇಳದಿರುವುದು ನಮ್ಮ ಸೀಮೆಯ ರೂಢಿ, ಮರೆತದ್ದು ನಾನು ಎಂದೆ.

"ಅದು ಖರೇ ಸರ," ಅಂದರು ಗುರುಪಾದಯ್ಯ. "ನಮಗೂ ಹೊಳೀಲಿಲ್ಲ ನೋಡ್ರಿ. ಸಮಿತಿಗಿ ತಿಳಿಸಿ ಹೇಳತೇನಿ. ಆದ್ರ ಮಗ್ಗಲಕ ಒಬ್ಬಾಕಿ ಇದ್ದದ್ದು ಸುಳ್ಳಲ್ಲಲ್ರಿ? ಆಕಿ ಯಾರು? ಬರೇ ಹೆಸರಷ್ಟ ಹೇಳ್ಯಾಳೋ, ಉತ್ತರಾನೂ ಹೇಳಿಕೊಟ್ಟಾಳೋ? ಆ ದನಿ ಯಾರದು ಅಂತ ನಾಕರೊಳಗ ಹೇಳ್ರಿ, ಈ ಹುಡುಗಿದು ಉಳೀತದ. ಇಲ್ಲಂದ್ರ ನನ್ನ ಕೈಯಾಗ ಏನಿಲ್ಲ."

ಫೋನ್ ಇಟ್ಟು, ಮಗ್ಗುಲಿನ ಆ ದನಿ ಯಾರದೆಂದು ಹೇಳಿದರೆ ಪರೀಕ್ಷೆ ಉಳಿಯುತ್ತದಂತೆ ಎಂದು ತಿಳಿಸಿದೆ. ಹುಚ್ಚವ್ವ ತಡಮಾಡಲಿಲ್ಲ.

"ನಂದ ಅಂತ ಹೇಳು ಯಪ್ಪಾ. ನನ್ನ ಮಗನ ಹೆಸರ ನಾ ಹೇಳಬಾರದೇನು?"

ಆ ಮುದುಕಿಯ ಬುದ್ಧಿ ನನಗಿಂತ ಚುರುಕು. ಆದರೆ ವಿಡಿಯೋ ಸಮಿತಿಯ ಹತ್ತಿರ ಇತ್ತು, ಅದರಲ್ಲಿನ ದನಿ ಎಪ್ಪತ್ತರದ್ದಲ್ಲ. ನಾನು ಆಗದೆಂದು ತಲೆಯಾಡಿಸಿದೆ.

"ನಿರ್ಮಲಾ, ಖರೇ ಹೇಳವ್ವಾ. ಮಗ್ಗಲಕ ಯಾರಿದ್ರು?"

ಅವಳು ಉತ್ತರ ಕೊಡದೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಮದುವೆಯ ಹಂದರದಲ್ಲಿ ಹೆಣ್ಣುಮಕ್ಕಳು ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಇಟ್ಟು ಹೇಳುತ್ತಾರಲ್ಲ, ಹಾಗೆ ರಾಗವಾಗಿ, ಆದರೆ ನನ್ನನ್ನೇ ದಿಟ್ಟಿಸಿ ಹೇಳಿದಳು:

"ಹಂದರದ ಮ್ಯಾಲ ಹಸರ ದ್ರಾಕ್ಷಿ,
ಕಟ್ಟಿದ ತಾಳಿಗಿ ದ್ಯಾವರ ಸಾಕ್ಷಿ,
ಅಮೋಘಿಯವರ ಹೆಸರ ಹೇಳೇನಿ,
ತೀರಿತೇನ್ರಿ ಸರ್ರ ನಿಮ್ಮ ಅಪೇಕ್ಷಿ?"

ಒಡಪು ಹೇಳಿದರೆ ಹೆಂಗಸರು ಗದ್ದಲ ಮಾಡಿ ನಗಬೇಕು. ಒಬ್ಬರೂ ನಗಲಿಲ್ಲ. ಹುಚ್ಚವ್ವ ಕಣ್ಣು ಒರೆಸಿಕೊಂಡಳು. ನನಗೆ ಭೂಮಿ ಬಾಯಿ ತೆರೆದರೆ ಸಾಕಿತ್ತು.

"ಈಗ ಕೇಳ್ರಿ," ಅಂದಳು ನಿರ್ಮಲಾ, ಮತ್ತೆ ಕೂತು. "ಮಗ್ಗಲಕ ಯಾರೂ ಇದ್ದಿಲ್ಲ. ಗ್ವಾಡಿ ಗೂಡಿನ್ಯಾಗ ನಮ್ಮತ್ತಿ ಬಟನ್ ಫೋನ್ ಇತ್ತು. ಅದರಾಗ ಅಕ್ಕೋರು ಇದ್ರು."

"ಯಾವ ಅಕ್ಕೋರು? ಕೇಂದ್ರದಾಗ ಹೆಣ್ಣು ಟೀಚರ್ ಯಾರೂ ಇಲ್ಲಲ್ಲ?"

"ಕೇಂದ್ರದವರಲ್ರಿ. ನಮ್ಮ ಅಕ್ಕೋರು."

ಕತೆಯನ್ನು ಪಕ್ಕದಲ್ಲಿದ್ದ ಆರತಿ ಮುಂದುವರಿಸಿದಳು. ಆರತಿಗೆ ಇನ್ನೂ ಮದುವೆಯಾಗಿಲ್ಲ, ಅವಳ ಫೋನು ಅವಳದೇ. ಅವಳೂ ನಿರ್ಮಲಾಳ ತರಗತಿಯೇ. ದೊಡ್ಡ ಗ್ರೂಪಿನಲ್ಲಿ ಗಂಡಂದಿರು, ಮೈದುನರು, ಮಾವಂದಿರು ಕೂತಿರುವಾಗ ಹೆಣ್ಣುಮಕ್ಕಳು ಏನು ಕೇಳಬೇಕು? ತಿಳಿಯದ ಪಾಠ ತಿಳಿಯದೆಯೇ ಉಳಿಯುತ್ತಿತ್ತು. ಹೋದ ವರ್ಷ ಯಾವುದೋ ಗೊತ್ತಿಲ್ಲದ ನಂಬರಿನಿಂದ ಆರತಿಗೆ ಒಂದು ಮೆಸೇಜ್ ಬಂತು: 'ತಂಗಿ, ನಾನು ನಿಮಗಿಂತ ಒಂದು ವರ್ಷ ಮುಂದೆ ಇದ್ದೇನೆ. ಪಾಠ ಹೇಳಿಕೊಡಲೇನು?'

ಹನ್ನೊಂದು ಹೆಂಗಸರ ಸಣ್ಣ ಗ್ರೂಪು ಹುಟ್ಟಿತು. ಹೆಸರು 'ಮಧ್ಯಾಹ್ನದ ಸಾಲಿ'. ದಿನಾ ಎರಡರಿಂದ ಮೂರರವರೆಗೆ ಅಕ್ಕೋರು ಪಾಠವನ್ನು ದನಿಯಲ್ಲಿ ಹೇಳಿ ಕಳಿಸುವರು. ಆರತಿಯ ಫೋನು ಡಬ್ಬಿಯ ಮೇಲೆ, ಸುತ್ತ ಎಲ್ಲರೂ ತೊಟ್ಟು ಕೀಳುತ್ತ ಕೇಳುವರು. ಕಾಗುಣಿತ ಟೈಪು ಮಾಡಲು ಬರದವರು ಬಾಯಿಂದಲೇ ಉತ್ತರ ಕಳಿಸುವರು. ಅಕ್ಕೋರು ಒಬ್ಬೊಬ್ಬರದನ್ನೂ ಕೇಳಿ ತಿದ್ದುವರು.

"ಪರೀಕ್ಷಾ ದಿನ ನನಗ ಭಾಳ ಅಂಜಿಕಿ ಬಂದಿತ್ತು," ಅಂದಳು ನಿರ್ಮಲಾ. "ಅಕ್ಕಾ, ಲೈನ್ ಮ್ಯಾಲ ಇರ್ರಿ, ಏನೂ ಹೇಳಬ್ಯಾಡ್ರಿ, ನೀವು ಅದೀರಿ ಅಂತ ಗೊತ್ತಿದ್ರ ಸಾಕು ಅಂದೆ. ಹನ್ನೆರಡು ನಿಮಿಷ ಅವರು ಉಸರಾ ಎತ್ತಲಿಲ್ಲ. ಗಂಡನ ಹೆಸರ ಕೇಳಿದಾಗ ನಾ ಸಿಕ್ಕೊಂಡೆ. ಆವಾಗ ಒಂದ ಒಂದು ಶಬ್ದ ಅಂದ್ರು. ಅಷ್ಟ."

"ಅವರ ಹೆಸರು?"

"ಹೇಳೂದಿಲ್ರಿ."

"ನಿನ್ನ ಪರೀಕ್ಷಾ ಹೋಗತದ."

"ಹೋಗ್ಲಿ. ನಿಮಗ ಒಂದ ಹೆಸರ ಸಿಕ್ಕರ ಏನ ಮಾಡತೀರಿ ಅಂತ ನೋಡೇನಲ್ರಿ."

ಹೊಡೆತ ಸರಿಯಾದ ಜಾಗಕ್ಕೆ ಬಿತ್ತು. ಆರತಿ ಮಧ್ಯೆ ಬಾಯಿ ಹಾಕಿದಳು, "ಅಕ್ಕಾ, ಯಾಕ ಸುಳ್ಳ ಹಟಾ ಮಾಡತಿ? ಹೆಸರ ನಮಗೂ ಗೊತ್ತಿಲ್ಲಲ್ಲ. ಸರ್ರ, ಅವರು ಹೆಸರ ಹೇಳೇ ಇಲ್ರಿ. ಕೇಳಿದ್ರ, ಅಕ್ಕೋರು ಅಂದ್ರ ಸಾಕು ಅಂತಾರ."

"ದನಿ ಕೇಳಸು ನೋಡೂಣು."

ಆರತಿ ನಿರ್ಮಲಾಳ ಮುಖ ನೋಡಿದಳು. ನಿರ್ಮಲಾ ಬೇಡವೆನ್ನಲಿಲ್ಲ. "ಕೇಳ್ಲಿ," ಅಂದಳು. "ಹೆಂಥಾಕಿನ್ನ ಕಳ್ಳಿ ಅನ್ನಾಕತ್ತಾರ ಅಂತ ಗೊತ್ತಾಗ್ಲಿ."

ಆರತಿ ಒಂಬತ್ತು ದಿನದ ಹಿಂದಿನ ಪಾಠ ಒತ್ತಿದಳು. ಸ್ಥಳೀಯ ಸರಕಾರದ ಪಾಠ.

"ಗಡಿಬಿಡಿ ಬೇಡ, ತಂಗಿಯರೇ," ಅಂದಿತು ದನಿ. ನಿಧಾನದ, ಮುಚ್ಚುಮರೆ ಇಲ್ಲದ, ತನ್ನ ಮಾತಿನ ಮೇಲೆ ತನಗೇ ಭರವಸೆಯಿರುವ ದನಿ. "ನಿಮ್ಮ ಮನೆಯ ನಳ ನೆನಪಿಸಿಕೊಳ್ಳಿ. ಹಿಂದೆ ಭೂತನಾಳ ಕೆರೆಯ ನೀರು ಊರಿನ ನಳಕ್ಕೆ ಬರಬೇಕಾದರೆ ಯಾರು ಯಾರು ಕೆಲಸ ಮಾಡಬೇಕಿತ್ತು? ನೀರು ಬರಲಿಲ್ಲ ಅಂದರೆ ನಾವು ಯಾರನ್ನು ಕೇಳಬೇಕು? ಕೇಳುವುದು ನಮ್ಮ ಹಕ್ಕು. ಇದನ್ನು ಮೊದಲು ಬರೆದುಕೊಳ್ಳಿ. ನಾನು ಮತ್ತೊಮ್ಮೆ..."

ಇಲ್ಲಿಯವರೆಗೆ ಯಾವ ಗುರುತೂ ಹತ್ತಲಿಲ್ಲ. ಒಳ್ಳೆಯ ಟೀಚರ್ ಅನ್ನಿಸಿತು, ಅಷ್ಟೇ. ಇಂಥವಳ ಕಡೆ ಕಲಿಯುವವರು ಪುಣ್ಯವಂತರು ಎಂದೂ ಅಂದುಕೊಂಡೆ.

ಆಗ ಆ ಪಾಠದೊಳಗೇ, ಹಿಂದಿನಿಂದ, ಒಂದು ಗಂಡಸಿನ ದನಿ ಒದರಿತು.

"ಏ! ಎಷ್ಟೊತ್ತಾತು ಕರಿಯಾಕತ್ತು, ಕಿವಿ ಬಿದ್ದಾವೇನು? ಆ ಟಿಕೋಟಾ ಫೈಲ್ ಎಲ್ಲಿ ಒಗದಿ?"

"ಬಂದೆರೀ," ಅಂದಿತು ಅಕ್ಕೋರ ದನಿ. ಆ ಒಂದು ಶಬ್ದದಲ್ಲಿ ಅದು ಬೇರೆಯೇ ಆಗಿತ್ತು, ಸಣ್ಣದಾಗಿ, ಮೆತ್ತಗಾಗಿ. ಪಾಠ ಅಲ್ಲಿಗೆ ಕತ್ತರಿಸಿತ್ತು.

ಹೆಂಗಸರು ಒಟ್ಟಿಗೆ ನಕ್ಕರು.

"ಅದು ಅಕ್ಕೋರ ಯಜಮಾನ್ರು," ಅಂದಳು ಆರತಿ. "ದಿನಾ ಹಿಂಗ ಒದರತಾರ್ರಿ. ಊಟಕ್ಕ ಒದರತಾರ, ಚಾಕ್ಕ ಒದರತಾರ, ಚಸ್ಮಾ ಸಿಗದಿದ್ರ ಒದರತಾರ. ಮಿಲ್ಲಿನ ಸೈರನ್ ಹೊಡದಂಗ ಅಂತ್ಹೇಳಿ ನಾವು ಅವರಿಗಿ ಭೋಂಗಾ ಅಂತ ಹೆಸರಿಟ್ಟೇವಿ. ಭೋಂಗಾ ಬಂತಂದ್ರ ಅವತ್ತಿನ ಸಾಲಿ ಬಿಟ್ಟಂಗ."

"ಹೆಂಥಾವನ ಕೈಯಾಗ ಸಿಕ್ಕಾಳೋ ಪಾಪ," ಅಂದಳು ಹುಚ್ಚವ್ವ.

ನನ್ನ ಕೈ ಒಣದ್ರಾಕ್ಷಿಯ ಬುಟ್ಟಿಯ ಅಂಚು ಹಿಡಿದುಕೊಂಡಿತ್ತು.

ಭೋಂಗಾ ನಾನೇ.

ನನ್ನ ಹೆಂಡತಿ ಶಾಂಭವಿಯ ದನಿ ನನಗೆ ಗುರುತು ಸಿಗಲಿಲ್ಲ. ನನ್ನ ಒದರಾಟ ಸಿಕ್ಕಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು, ಅದೂ ಇನ್ನೊಬ್ಬರ ಫೋನಿನಲ್ಲಿ. ಮನೆಯಲ್ಲಿ ಅವಳಿಗೆ ನಾನು ಬಿಟ್ಟದ್ದು "ಬಂದೆರೀ" ಒಂದೇ.

ಆ "ಅಮೋಘಿ" ಅನ್ನುವ ಮೂರಕ್ಷರವನ್ನು ನಲವತ್ತು ಸಲ ಕೇಳಿದ್ದೆ. ಎಲ್ಲಿ? ನಮ್ಮ ಪಡಸಾಲೆಯಲ್ಲಿ, ಊಟದ ತಾಟಿನ ಮುಂದೆ, ಮೊಬೈಲ್ ಜೋರು ಮಾಡಿಕೊಂಡು. ಶಾಂಭವಿ ರೊಟ್ಟಿ ಬಡಿಸುತ್ತಿದ್ದಳು. "ಈ ದನಿ ಒಂದು ಸಿಕ್ಕರ ಕೇಸು ಮುಗದಂಗ" ಅಂತ ಅವಳಿಗೇ ಹೇಳಿದ್ದೆ. ಅವಳು "ಪಲ್ಯ ಹಾಕ್ಲೇನ್ರಿ" ಅಂದಿದ್ದಳು. ತನ್ನ ತಾಟಿನಲ್ಲಿ ಹೆಗ್ಗಣ ಬಿದ್ದಿದ್ದರೂ ಮಂದಿಯ ತಾಟಿನ ನೊಣ ಹುಡುಕುವವರು ಅಂತಾರಲ್ಲ, ಆ ಜಾತಿಯವನು ನಾನು.

ಐದು ವರ್ಷದ ಹಿಂದೆ ಅವಳು ಒಮ್ಮೆ ಕೇಳಿದ್ದಳು, "ಬಿ.ಎ. ಕಟ್ಟಲೇನ್ರಿ?" ನಾನು ಪೇಪರಿನಿಂದ ತಲೆ ಎತ್ತದೆ, "ಈ ವಯಸ್ಸಿನ್ಯಾಗ ಕಲ್ತು ಯಾವ ಡಿಸಿ ಆಗಾಕಿ?" ಅಂದಿದ್ದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ. ಮರೆತಳು ಅಂದುಕೊಂಡಿದ್ದೆ.

"ಯಾಕ್ರಿ ಸರ್ರ, ಮಾರಿ ಬೆಳ್ಳಗಾತು? ನೀರು ಕುಡೀತೀರೇನು?" ನಿರ್ಮಲಾ ಕೇಳಿದಳು.

ಕುಡಿಯುತ್ತೇನೆಂದು ತಲೆಯಾಡಿಸಿದೆ. ಮಾತಾಡಲು ಹೆದರಿಕೆಯಾಯಿತು. ಅರ್ಧ ಗಂಟೆಯಿಂದ ಇವರ ಮುಂದೆ ಮಾತಾಡುತ್ತಿದ್ದೇನೆ, ಒಬ್ಬರಿಗೂ ಸಂಶಯ ಬರಲಿಲ್ಲ. ಹೊರಗೆ ಹೆಣ್ಣುಮಕ್ಕಳ ಜೊತೆ ನನ್ನ ದನಿ ಅಷ್ಟು ಮೆತ್ತಗೆ, ಅಷ್ಟು ಮರ್ಯಾದಸ್ಥ. ಅದನ್ನು ಯೋಚಿಸಿದಷ್ಟೂ ನಾಚಿಕೆ ಹೆಚ್ಚಾಯಿತು.

ನಿರ್ಮಲಾ ತಾಮ್ರದ ತಂಬಿಗೆ ತಂದುಕೊಟ್ಟಳು. ನಾನು ಹಾಳು ಮಾಡಿದವಳು ಕೊಟ್ಟ ನೀರು ಕುಡಿದೆ.

ಫೋನು ಹೊಡೆದುಕೊಂಡಿತು. ಗುರುಪಾದಯ್ಯ. ನಾಲ್ಕಕ್ಕೆ ಐದು ನಿಮಿಷ ಇತ್ತು.

"ಲೌಡಸ್ಪೀಕರ್ ಹಾಕ್ರಿ," ಅಂದಳು ನಿರ್ಮಲಾ. "ನನ್ನ ಬಗ್ಗೆ ಏನ ಮಾತಾಡತೀರಿ, ನನ್ನ ಮುಂದ ಮಾತಾಡ್ರಿ."

ಬೇಡ ಅನ್ನುವ ಹಕ್ಕು ನನಗೆಲ್ಲಿತ್ತು? ಹಾಕಿದೆ.

"ಸರ, ಎಲ್ಲಾರೂ ಕೂತಾರ್ರಿ," ಅಂದರು ಗುರುಪಾದಯ್ಯ. "ರೂಢಿ ಮಾತು ಒಪ್ಪಿಕೊಂಡ್ರು. ಆ ದನಿ ಯಾರದು ಅಷ್ಟ ಉಳದದ. ಸಿಕ್ತೇನ್ರಿ?"

ನಿರ್ಮಲಾ ನನ್ನ ಕಡೆ ನೋಡಿ, ಬೇಡವೆಂದು ಕೈ ಆಡಿಸಿದಳು. ಅವಳ ಪರೀಕ್ಷೆ ನನ್ನ ನಾಲಿಗೆಯ ಮೇಲೆ ಇತ್ತು, ಅವಳಿಗೆ ಅದರ ಕಾಳಜಿಯಿಲ್ಲ, ಅಕ್ಕೋರದ್ದು ಕಾಳಜಿ. ನನ್ನಿಂದ ಒಮ್ಮೆ ಹಾಳಾದವಳು ಎರಡನೇ ಸಲ ಹಾಳಾಗುವುದು ನನಗೆ ಬೇಡವಾಗಿತ್ತು.

"ಸಿಕ್ತು," ಅಂದೆ. "ಹೆಸರು ಶಾಂಭವಿ. ನಿಮ್ಮ ವಿದ್ಯಾರ್ಥಿನೀ ಇರಬೇಕು, ಮೂರನೇ ವರ್ಷ. ಉತ್ತರ ಒಂದೂ ಹೇಳಿಕೊಟ್ಟಿಲ್ಲ, ಪೂರ್ತಿ ವಿಡಿಯೋ ಸಾಕ್ಷಿ ಅದ. ಗಂಡನ ಹೆಸರಷ್ಟ ಹೇಳ್ಯಾಳ."

ನನ್ನ ಹೆಂಡತಿ ಅಂತ ಸೇರಿಸಲಿಲ್ಲ. ಸೇರಿಸಬೇಕಿತ್ತು. ಎಂಟು ಜನರ ಎದುರು ಬಾಯಿ ಬರಲಿಲ್ಲ.

ಮನೆಯ ವಿಳಾಸ ಹೇಳಿದೆ. ಆ ಕಡೆ ಕೀಬೋರ್ಡಿನ ಸದ್ದು ಕೇಳಿತು. ಯಾರೋ ಕೆಮ್ಮಿದರು. ನಿರ್ಮಲಾ ನನ್ನನ್ನು ನೋಡುವ ರೀತಿ ಬದಲಾಗಿತ್ತು. ಹೆಸರು ಅವಳಿಗೇ ಗೊತ್ತಿರಲಿಲ್ಲ, ಅರ್ಧ ತಾಸಿನಲ್ಲಿ ನನಗೆ ಹೇಗೆ ಗೊತ್ತಾಯಿತು, ವಿಳಾಸ ಸಹಿತ?

"ಹಾಂ, ಸಿಕ್ಕಳ್ರಿ," ಅಂದರು ಗುರುಪಾದಯ್ಯ. "ಶಾಂಭವಿ. ಮೂರನೇ ವರ್ಷ. ಎರಡೂ ವರ್ಷ ನಮ್ಮ ಕೇಂದ್ರಕ್ಕ ಮೊದಲನೇ ನಂಬರ್ ರೀ, ಶ್ಯಾಣ್ಯಾ ಹೆಣ್ಣುಮಗಳು! ಮಾರಿ ನೋಡಿಲ್ಲ ನಾವು, ಎಲ್ಲಾ ಆನ್‌ಲೈನ್. ಉತ್ತರ ಹೇಳಿಕೊಟ್ಟಿಲ್ಲಂದ್ರ ಇಬ್ಬರಿಗೂ ಎಚ್ಚರಿಕಿ ಕೊಟ್ಟು ಬಿಡೂಣು. ನಿರ್ಮಲಾ ಸೋಮವಾರ ಪರೀಕ್ಷಾ ಬರೀಲಿ."

ಹುಚ್ಚವ್ವ ಎರಡೂ ಕೈ ಎತ್ತಿ ದೊಡ್ಡ ದೇವರಿಗೆ ಮುಗಿದಳು. ಆರತಿ ನಿರ್ಮಲಾಳನ್ನು ತಬ್ಬಿಕೊಂಡಳು. ನಾನು ಫೋನ್ ಇಡಲು ಬೆರಳು ಚಾಚಿದೆ.

"ಒಂದ ನಿಮಿಷ ಸರ," ಅಂದರು ಗುರುಪಾದಯ್ಯ. "ನೋಟಿಸ್ ಕಳಸಬೇಕಲ್ರಿ, ಅದಕ್ಕ ಅರ್ಜಿ ತಗದೇನಿ. ಗಂಡನ ಸಹಿ ಜಾಗಾ ಖಾಲಿ ಅದ ಅಂತ ನೋಡಿದ್ರ... ಪಾಪ, ಈಕಿ ವಿಧವೆ ರೀ. ಐದು ವರ್ಷದ ಹಿಂದ ಗಂಡ ತೀರಿಕೊಂಡಾನ ಅಂತ ಬರದಾಳ."

ಶೆಡ್ಡಿನಲ್ಲಿ ನಗು ನಿಂತಿತು. ಒಂಬತ್ತು ದಿನದ ಹಿಂದಿನ ಒದರಾಟ ಎಲ್ಲರ ಕಿವಿಯಲ್ಲೂ ಇನ್ನೂ ಇತ್ತು.

ಒಂದೊಂದಾಗಿ ಎಂಟು ಮುಖಗಳೂ ನನ್ನ ಕಡೆ ತಿರುಗಿದವು. ನಿರ್ಮಲಾಳದು ಎಲ್ಲರಿಗಿಂತ ಮೊದಲು.

"ಸುಳ್ಳಾಗಿದ್ರ ಮಾತ್ರ ಆಕಿ ಮೂರೂ ವರ್ಷದ್ದು ರದ್ದಾಗತದ್ರಿ, ನಿಯಮ ಹಂಗದ," ಫೋನಿನಲ್ಲಿ ಗುರುಪಾದಯ್ಯ ಹೇಳುತ್ತಿದ್ದರು. "ಸರ, ಲೈನ್ ಮ್ಯಾಲ ಅದೀರಿಲ್ಲೋ? ಸಮಿತಿಯವರು ಕೇಳಾಕತ್ತಾರ, ಈಕಿ ವಿಳಾಸ ನಿಮಗ ಹೆಂಗ ಗೊತ್ತು? ಈಕಿ ನಿಮಗ ಏನಾಗಬೇಕು?"